ಸೌನಾದ ಬಾಗಿಲು ಹೊರಕ್ಕೆ ತೆರೆಯುತ್ತದೆ

ಶನಿವಾರ ಬೆಳಿಗ್ಗೆ ಹಿಲ್ಕಾ ರೌಟಿಯೊ ಬಟಾಣಿ ಸೂಪಿನ ಹಂಡೆಗೆ ಉಪ್ಪು ಹಾಕುತ್ತಿದ್ದಾಗ ಹತ್ತು ವರ್ಷದ ಸೆನ್ಯಾ ಬಂದು ಇಣುಕಿದಳು.

“ಬಟಾಣಿ ಸೂಪು ಗುರುವಾರದ್ದಲ್ವಾ?”

“ಕೆಲಸಕ್ಕೆ ಬಂದೋರ ಹೊಟ್ಟೆ ವಾರ ನೋಡಲ್ಲ ಕಣೇ. ಸೌಟು ಹಿಡಿ. ತಳ ಹತ್ತಿದ್ರೆ ಕೌಕೊ ವರ್ಷಪೂರ್ತಿ ಆಡ್ಕೋತಾನೆ.”

ಹೊರಗೆ ಸುತ್ತಿಗೆಗಳ ಸದ್ದು. ಹೌಕಿವಾರ ಹಳ್ಳಿಯ ಜನ ಮುಯ್ಯಾಳಾಗಿ ಬಂದಿದ್ದರು. ಇಂಥ ಕೆಲಸಕ್ಕೆ ಇಲ್ಲಿ ಕೂಲಿಯಿಲ್ಲ, ಊಟವಿದೆ. ಬರುವುದಿಲ್ಲ ಎನ್ನುವ ವಾಡಿಕೆಯೂ ಇಲ್ಲ.

ಹಿಲ್ಕಾ ಈ ಕಟ್ಟಡಕ್ಕೆ ಮೊದಲು ಬಂದದ್ದು ಶಾಲೆಯ ಅಡುಗೆಯವರಾಗಿ. ಶುಕ್ರವಾರದ ಊಟದಲ್ಲಿ ಕೆಲವು ಮಕ್ಕಳು ರೈ ಧಾನ್ಯದ ರೊಟ್ಟಿಯನ್ನು ಜೇಬಿಗೆ ಸೇರಿಸುವುದನ್ನು ಅವರು ಕಂಡಿದ್ದರು. ಆ ಮಕ್ಕಳ ಮನೆಗಳಲ್ಲಿ ಶನಿವಾರ ಭಾನುವಾರ ಒಲೆ ಹೊತ್ತುತ್ತಿರಲಿಲ್ಲ. ಹಾಗಾಗಿ ಶುಕ್ರವಾರ ಬುಟ್ಟಿಗೆ ಹೆಚ್ಚು ರೊಟ್ಟಿ ಹಾಕಿ ಬೇರೆ ಕಡೆ ನೋಡುತ್ತಿದ್ದರು. ಮಕ್ಕಳು ಸಾಲದೆ ಶಾಲೆ ಮುಚ್ಚಿದಾಗ ಕಟ್ಟಡ ತಮಗೇ ಕೊಡಿ ಎಂದು ಕೇಳಿದರು. ಐವತ್ತು ದಾಟಿದ ಮೇಲೆ ಓದಿ, ಪರವಾನಗಿ ಪಡೆದು, ತರಗತಿಗಳನ್ನು ಮಲಗುವ ಕೋಣೆ ಮಾಡಿ, ನೆಲೆ ತಪ್ಪಿದ ಮಕ್ಕಳಿಗೆ ಮನೆ ತೆರೆದರು.

ನಿಯಮದಂತೆ ಪ್ರತಿ ಮಗುವಿಗೂ ಸ್ವಂತ ಕೋಣೆ ಬೇಕು. ಸೆನ್ಯಾ ಮತ್ತು ಅವಳ ಐದು ವರ್ಷದ ತಂಗಿ ವಿಯೆನೊ ಬಂದಾಗ ಖಾಲಿಯಿದ್ದದ್ದು ಒಂದೇ. ಇನ್ನೊಂದು ಸಿದ್ಧವಾಗದಿದ್ದರೆ ಸೋಮವಾರ ವಿಯೆನೊಳನ್ನು ದೂರದ ಪಟ್ಟಣದ ಕುಟುಂಬವೊಂದಕ್ಕೆ ಕಳಿಸುತ್ತಿದ್ದರು. ಹಿಲ್ಕಾ ತಮ್ಮ ಕೋಣೆ ಬಿಟ್ಟುಕೊಟ್ಟು, ಅಂಗಳದಾಚೆಯ ಸೌನಾದಲ್ಲಿ, ಅಂದರೆ ಹಬೆಸ್ನಾನದ ಮನೆಯಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ಮಲಗುತ್ತೇನೆಂದರು. ನಗರಸಭೆಯ ಮಕ್ಕಳ ಅಧಿಕಾರಿ ತಾರ್ಮೊ ಒಂದು ಷರತ್ತು ಹಾಕಿದರು: ರಾತ್ರಿ ಮಗು ಹಿಮಕ್ಕೆ ಕಾಲಿಡದೆ ದೊಡ್ಡವರ ಬಳಿ ತಲುಪಬೇಕು. ಅದಕ್ಕೇ ಶಾಲೆಯಿಂದ ಸೌನಾದವರೆಗೆ ಗೋಡೆ, ಮಾಡು, ಹಲಗೆ ನೆಲವಿರುವ ಈ ಹಾದಿ.

ಮಧ್ಯಾಹ್ನ ತಾರ್ಮೊ ಬಂದಾಗ ಸೌನಾದ ಹತ್ತಿರ ಕೆಲವೇ ಹಲಗೆ ಬಾಕಿಯಿತ್ತು. ನಿವೃತ್ತ ಮರಕಡಿಯುವವ ಕೌಕೊ ತಾರ್ಮೊರ ಕೈಗೆ ಸುತ್ತಿಗೆ ಇಟ್ಟರು.

“ನಾನು ತಪಾಸಣೆಗೆ ಬಂದಿರೋದು.”

“ಮಾಡು ಮಾರಾಯ, ಬೇಡ ಅಂದೋರ್‍ಯಾರು? ಮೊಳೆ ಗಟ್ಟಿ ಕೂತ್ಕೊಳ್ಳುತ್ತಾ ಅಂತ ಹೊಡೆದೇ ನೋಡು. ಕೈಕಟ್ಟಿ ನಿಲ್ಲೋರಿಗೆ ಸೂಪಿಲ್ಲ.”

ತಾರ್ಮೊ ಕೋಟು ತೆಗೆದು ಕೂತರು. ಮೊದಲ ಮೊಳೆಗಳು ಡೊಂಕಾದವು; ಆಮೇಲೆ ಕೈ ಕುದುರಿತು. ಕೊನೆಯ ಹಲಗೆಗೆ ಒಂದಕ್ಕೆ ಎರಡು ಮೊಳೆ ಹೊಡೆದರು. ಅಷ್ಟರಲ್ಲಿ ಹಿಲ್ಕಾ ಪರದೆ ಕಟ್ಟಲು ಸೌನಾದೊಳಗೆ ಹೋಗಿದ್ದರು.

“ಸರಿ, ಮಗು ನಡೆದು ಬರಲಿ,” ಎಂದರು ತಾರ್ಮೊ.

ವಿಯೆನೊ ಉಣ್ಣೆಯ ಕಾಲುಚೀಲದಲ್ಲಿ ಹಾದಿಯುದ್ದ ಜಾರುತ್ತ ಬಂದು ಸೌನಾದ ಬಾಗಿಲು ಎಳೆದಳು. ಅಲ್ಲಾಡಲಿಲ್ಲ. ಹಿಲ್ಕಾ ಒಳಗಿನಿಂದ ನೂಕಿದರು. ಆಗಲೂ ಇಲ್ಲ.

ಸೌನಾದ ಬಾಗಿಲು ಯಾವಾಗಲೂ ಹೊರಕ್ಕೇ ತೆರೆಯುತ್ತದೆ. ನಡೆಯಲು ಕಲಿತಂದಿನಿಂದ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಷ್ಟು ಗೊತ್ತಿದ್ದರಿಂದಲೇ ಯಾರೂ ಯೋಚಿಸಿರಲಿಲ್ಲ. ಹೊಸ ನೆಲ ಶಾಲೆಯ ಮಟ್ಟಕ್ಕಿತ್ತು, ಬಾಗಿಲ ಅಡಿಗಿಂತ ಒಂದು ಗೇಣು ಎತ್ತರ; ಹಲಗೆಗಳೇ ಬಾಗಿಲಿಗೆ ಅಡ್ಡ.

“ಕೌಕೊ!” ಒಳಗಿನಿಂದ ಹಿಲ್ಕಾ ಕೂಗಿದರು. “ನಿನ್ ತಲೇಲಿ ಮರದ ಪುಡಿ ಬಿಟ್ಟು ಇನ್ನೇನಾದ್ರೂ ಇದ್ಯಾ?”

“ನನ್ನ ಯಾಕೆ ಬೈತೀಯ? ಕೊನೇ ಹಲಗೆ ಸರ್ಕಾರದ್ದು!”

ಸೆನ್ಯಾ ಮಾತ್ರ ನಗಲಿಲ್ಲ. ತಂಗಿಯ ಕೈ ಹಿಡಿದು ತಾರ್ಮೊರನ್ನೇ ನೋಡುತ್ತಿದ್ದಳು. “ಹಂಗಾದ್ರೆ ಇವಳು ಹೋಗ್ಬೇಕಾ?”

ತಾರ್ಮೊ ಮಂಡಿಯೂರಿ, ತಾವೇ ಹೊಡೆದ ಮೊಳೆಗಳನ್ನು ಕೀಳತೊಡಗಿದರು. ಬೆವರಿಳಿಯಿತು.

“ಗಟ್ಟಿ ಇದ್ಯಾ?” ಕೌಕೊ ಕೇಳಿದರು.

“ಇದೆ. ಹಾರೆ ಕೊಡಿ, ಸುಮ್ನಿರಿ.”

ಬಾಗಿಲ ಮುಂದಿನ ಹಲಗೆಗಳೆಲ್ಲ ಎದ್ದವು, ಬಾಗಿಲು ತೆರೆಯಿತು. ವಿಯೆನೊ ತಗ್ಗಿಗೆ ಹಾರಿ ಹಿಲ್ಕಾರ ಹೊಟ್ಟೆಗೆ ಡಿಕ್ಕಿ ಹೊಡೆದಳು.

“ಇಲ್ಲೊಂದು ಮೆಟ್ಟಿಲು ಬೇಕು,” ತಾರ್ಮೊ ಎದ್ದು ಸೆನ್ಯಾಳ ಕಡೆ ತಿರುಗಿದರು. “ಹೋಗೋದು ಬೇಡಮ್ಮ. ಸೂಪು ಎಲ್ಲಿ?”

ಮೆಟ್ಟಿಲು ಹಾಕಲು ಕೌಕೊ ನಾಳೆ ಬರುತ್ತಾರೆ. ಸೋಮವಾರ ವಿಯೆನೊಳ ಮಂಚ ಹಿಲ್ಕಾರ ಹಳೆಯ ಕೋಣೆಗೆ, ಸೆನ್ಯಾಳ ಗೋಡೆಯ ಆಚೆ ಬದಿಗೆ ಹೋಗುತ್ತದೆ.