ಶಿವಪ್ರಕಾಶ ಅಂಚು ನೇರ ಮಾಡಿದ ರೀಲು

“ದೊಡ್ಡವ್ವ, ನೀನೇ ಹೇಳು. ಬೆಳಿಗ್ಗೆಯಿಂದ ಅಕ್ಕನ್ನ ಬಾಗಿಲಲ್ಲಿ ನಿಲ್ಸಿದೀನಿ, ತೆಂಗಿನ ಬುಡದಲ್ಲಿ ಕೂರ್ಸಿದೀನಿ. ಅಪ್ಪನ ಕ್ಯಾಮೆರಾ ಕ್ಲಿಕ್ ಅಂತೈತೆ, ನಂಬರೂ ಮುಂದಕ್ಕೆ ಹೋಯ್ತೈತೆ. ಆದ್ರೆ ಎಡಗಡೆ ಈ ತಿರುಪು ಐತಲ್ಲ, ಅಪ್ಪ ರೀಲು ಎಳೆದಾಗೆಲ್ಲ ಇದು ತಾನಾಗೇ ತಿರುಗ್ತಿತ್ತು. ನಾನು ಎಳೆದ್ರೆ ಸುಮ್ನೆ ಕೂತೈತೆ. ಒಳಗೆ ರೀಲು ಓಡ್ತೈತೋ, ಬರೀ ಸದ್ದೋ? ತೆಗೆದು ನೋಡಿದ್ರೆ ಬೆಳಕು ಬಿದ್ದು ಎಲ್ಲಾ ಹಾಳಾಯ್ತದೆ. ತೆಗೀದಿದ್ರೆ ಗೊತ್ತಾಗಲ್ಲ. ಅಕ್ಕ ನಾಳೆ ಮೊದಲ್ನೇ ಬಸ್ಸಿಗೆ ಅವಳೂರು ಬಿಕ್ಕೋಡಿಗೆ ಹೊರಟೋಯ್ತಾಳೆ.”

ಹೀಗೆ ನನ್ನನ್ನು ಕೇಳಿದವನು ಹಳೇಬೀಡಿನಲ್ಲಿ ನಮ್ಮ ಪಕ್ಕದ ಮನೆಯ ಶಿವಪ್ರಕಾಶ, ದರ್ಜಿ. ಅವನಪ್ಪ ಸಿದ್ದಬಸಪ್ಪ ದೇವಸ್ಥಾನದ ಮುಂದೆ ಪ್ರವಾಸಿಗರ ಫೋಟೋ ತೆಗೆದು ಮನೆ ನಡೆಸಿದವನು. ಬಂದವರನ್ನೆಲ್ಲ ತೆಗೆದ, ಮಗಳು ಕಾಂತಮ್ಮನದು ಮಾತ್ರ ನಾಳೆ, ನಾಡಿದ್ದು ಎನ್ನುತ್ತಲೇ ತೀರಿಕೊಂಡ. ಅದೇ ಕ್ಯಾಮೆರಾದಲ್ಲಿ ಅಕ್ಕನ ಒಂದು ಫೋಟೋ ಆಗಲೇಬೇಕೆಂದು ಇವನ ಹಟ. ಮೊಬೈಲಿನಲ್ಲಿ ತೆಗೆಯೋ ಎಂದರೆ, ಅದು ಅಪ್ಪ ತೆಗೆದಂತಾಗುವುದಿಲ್ಲ ಎನ್ನುತ್ತಾನೆ. ಬೆಂಗಳೂರಿನಿಂದ ರೀಲು ತರಿಸಿದ್ದ.

ದಾರಿಯಲ್ಲಿ ಹೋಗುವವರು ಒಬ್ಬೊಬ್ಬರು ಒಂದೊಂದು ಹೇಳಿದರು. ಸೆಲ್ಲು ಹೋಗಿದೆ ಎಂದರು, ಬಿಸಿಲಿಗಿಡು ಎಂದರು. ಅವನು ತಿರುಪನ್ನು ಕೈಯಲ್ಲೇ ತಿರುಗಿಸಿದ. ಸಲೀಸಾಗಿ ತಿರುಗಿತು. ಮೊದಲು ಖುಷಿಯಾದ, ಆಮೇಲೆ, ತಿರುಗಿಸಿದ್ದು ನಾನು, ರೀಲಲ್ಲವಲ್ಲ ಎಂದು ಮತ್ತೆ ತಲೆ ಕೆರೆದುಕೊಂಡ.

ಕೊನೆಗೆ ಕಾಂತಮ್ಮನೇ ಕರೀಕಂಬಳಿ ತಂದಳು. ನಡುಮನೆಯ ಬಾಗಿಲು ಹಾಕಿ, ಕಂಬಳಿಯೊಳಗೆ ಕ್ಯಾಮೆರಾ ಬಿಚ್ಚಿ, ಅವನು ಬೆರಳಲ್ಲೇ ತಡಕಾಡಿದ. ರೀಲನ್ನು ಎಳೆದು ಸುತ್ತಿಕೊಳ್ಳಬೇಕಾದ ಬಲಗಡೆಯ ಸುರುಳಿ ಬರಿದಾಗಿತ್ತು. ರೀಲಿನ ತುದಿ ಹಾಕಿದ ಕಡೆಯೇ ಮುದುಡಿ ಕೂತಿತ್ತು. ಆ ತುದಿಯನ್ನು ಸವರುತ್ತಾ ಅವನ ಕೈ ನಿಂತಿತು.

“ನಾನೇ ಕತ್ತರಿ ಹಾಕ್ಬಿಟ್ಟೆ ಅಕ್ಕ. ಹೊಸ ರೀಲಿನ ತುದಿ ಸಣ್ಣಕೆ, ನಾಲಿಗೆ ಥರ ಇತ್ತು. ಅರ್ಧ ಹರಿದೈತೆ ಅಂದ್ಕೊಂಡೆ.”

ಬಟ್ಟೆಯ ಅಂಚು ನೇರ ಮಾಡದೆ ಅವನು ಯಾವತ್ತೂ ಗುರುತು ಹಾಕಿದವನಲ್ಲ. ರೀಲಿಗೂ ಹಾಗೇ ಮಾಡಿದ್ದ. ಸುರುಳಿಯ ಸೀಳಿಗೆ ಸಿಗಬೇಕಾದದ್ದು ಆ ನಾಲಿಗೆಯೇ. ಅಗಲದ ತುದಿ ಹಿಡಿಯದೆ ಜಾರಿತ್ತು.

“ಹಂಗಾದ್ರೆ ಬೆಳಿಗ್ಗೆಯಿಂದ ನಾನು ನಿಂತಿದ್ದು ಯಾರಿಗೋ?” ಎಂದಳು ಕಾಂತಮ್ಮ.

ಅವನು ಕತ್ತರಿಯನ್ನು ಕಂಬಳಿಯೊಳಕ್ಕೆ ತೂರಿಸಿದ. ಒಂದಿಷ್ಟು ರೀಲು ಎಳೆದು, ಅರ್ಧ ಅಗಲ ಕತ್ತರಿಸಿ, ಸೀಳಿಗೆ ಸಿಕ್ಕಿಸಿ, ಮುಚ್ಚಿ, ಕಂಬಳಿಯಿಂದ ಹೊರತೆಗೆದು ಎಳೆದ. ಈ ಸಲ ತಿರುಪು ಅಲ್ಲಾಡಿತು. ಇದು ನಿಜವೋ, ತನ್ನ ಕೈ ತಾಗಿತೋ ಎಂದು ನನ್ನನ್ನು ಕೇಳಿದ. ನಾನು ನೋಡಿದ್ದೆ, ಕೈ ತಾಗಿರಲಿಲ್ಲ.

ಅಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಅವನು ಕರೆದರೆ, ಹಿತ್ತಲಲ್ಲಿ ಪಾತ್ರೆ ತೊಳೆಯಲು ಕೂತಿದ್ದ ಕಾಂತಮ್ಮ ಏಳಲಿಲ್ಲ. ನಿಂತು ಸಾಕಾಗಿದೆ, ಪಾತ್ರೆ ಬಿದ್ದಿವೆ, ಬೇಕಾದರೆ ಇಲ್ಲೇ ತೆಗಿ ಎಂದಳು. ಅವನು ಹಿತ್ತಲ ಕಲ್ಲಿನ ಎದುರು ಕುಕ್ಕರಗಾಲಲ್ಲಿ ಕೂತು ಕ್ಲಿಕ್ ಮಾಡಿದ. ಫೋಟೋ ಬಂತೋ ಇಲ್ಲವೋ, ರೀಲು ತೊಳೆಸಿದ ಮೇಲೆ ಗೊತ್ತಾಗಬೇಕು.

ಕಾಂತಮ್ಮ ತಲೆ ಎತ್ತದೆ ಮುದ್ದೆ ಮಾಡಿದ ಪಾತ್ರೆಯ ತಳಕ್ಕೆ ಹತ್ತಿದ ಸೀಕಲು ಕೆರೆದಳು, ಬೂದಿ ಹಾಕಿ ತೆಂಗಿನ ನಾರಲ್ಲಿ ಉಜ್ಜಿದಳು, ನೀರು ಹುಯ್ದು ಕಲ್ಲಿನ ಮೇಲೆ ಬೋರಲು ಹಾಕಿದಳು.