ಹಮ್ಜಾಕ್ಕೆ ಅಲ್ಲಿ ಕುರ್ಚಿಯಿಲ್ಲ

ನೈಲ್ ದಂಡೆಯ ಮನ್ಸೂರಾ ಊರಿನ ನಮ್ಮ ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಪಾಠ ಹೇಳುವ ಗಂಡಸಿಗೆ ವ್ಯಾಕರಣ ಬರಬೇಕು, ಕಣ್ಣು ಕಾಣಬಾರದು. ಸರ್ಕಾರ ಹೀಗೆಂದು ಎಲ್ಲೂ ಬರೆದಿರಲಿಲ್ಲ. ಆದರೆ ಬೆಳೆದ ಹೆಣ್ಣುಮಕ್ಕಳನ್ನು ಅಪ್ಪಂದಿರು ನಮ್ಮಲ್ಲಿಗೆ ಕಳಿಸುತ್ತಿದ್ದುದು ಇದೊಂದು ನಂಬಿಕೆಯ ಮೇಲೆ. ಕುರುಡ ಶೇಖ್ ಎದುರು ಮುಸುಕು ತೆಗೆದು ಕೂತರೆ ಯಾರ ಮಾನವೂ ಹೋಗುವುದಿಲ್ಲ.

ಶೇಖ್ ಬಸ್ಯೂನಿ ಹಾಗೆ ಬಂದವರು. ಚೆನ್ನಾಗಿ ಓದಿಕೊಂಡಿದ್ದ ಮನುಷ್ಯ. ನಡುವಯಸ್ಸಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಸಾವಿನ ಮನೆಗಳಲ್ಲಿ ಕುರಾನ್ ಓದಿ ಹೊಟ್ಟೆ ಹೊರೆಯುತ್ತಿದ್ದಾಗ ಈ ಕೆಲಸ ಸಿಕ್ಕಿತು. ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಹೆಣ್ಣುಮಕ್ಕಳು. ಅಕ್ಷರಗಳ ವಿಷಯಕ್ಕೆ ಬಂದರೆ ಮಾತ್ರ ಮಹಾ ಮುಂಗೋಪಿ. ಅದರಲ್ಲೂ ಅರಬ್ಬಿಯ ಹಮ್ಜಾ ಎಂಬ ಪುಟ್ಟ ಅಕ್ಷರ ಕಂಡರೆ ಅವರಿಗೆ ಪ್ರಾಣ. ಅದು ಒಮ್ಮೆ ಅಲಿಫ್ ಅಕ್ಷರದ ಮೇಲೆ ಕೂರುತ್ತದೆ, ಒಮ್ಮೆ ವಾವ್ ಮೇಲೆ, ಕೆಲವು ಪದಗಳಲ್ಲಿ ಒಂಟಿಯಾಗಿಯೇ ನಿಲ್ಲುತ್ತದೆ. ಅದು ಕೂರುವ ಅಕ್ಷರವನ್ನು ನಾವು ಕುರ್ಚಿ ಎನ್ನುತ್ತೇವೆ. ಕುರ್ಚಿ ತಪ್ಪಿಸಿದ ಹುಡುಗಿಗೆ ಅವತ್ತು ಮಂಗಳಾರತಿಯೇ.

ನಾನು ಇನ್ಸಾಫ್, ಹೊಲಿಗೆ ಟೀಚರು. ಅವರ ತರಗತಿಯಲ್ಲಿ ನಾನೇ ಅವರ ಕಣ್ಣು. ಹುಡುಗಿಯರು ಹಲಗೆಯ ಮೇಲೆ ಬರೆದದ್ದನ್ನು ನಾನು ಅಕ್ಷರ ಬಿಡಿಸಿ ಹೇಳಬೇಕು, ಅವರು ತಿದ್ದಬೇಕು.

ಆ ಬೇಸಿಗೆ ರಜೆಯಲ್ಲಿ ನೈಲ್ ದಂಡೆಯ ಮೇಲೆ ಕಣ್ಣಿನ ಆಸ್ಪತ್ರೆಯ ಡೇರೆ ಹಾಕಿದ್ದರು. ಶಾಲೆ ಮತ್ತೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಬೆಕ್ಕು ಅಡ್ಡ ಮಲಗಿತ್ತು. ಶೇಖ್ ಅದನ್ನು ಸಲೀಸಾಗಿ ದಾಟಿಕೊಂಡು ಬಂದರು.

“ನಿಮಗೆ ಕಾಣ್ಸುತ್ತೆ!” ಎಂದೆ.

“ಮೆತ್ತಗೆ ಮಾತಾಡು ತಾಯಿ,” ಎಂದರು. ಮುಖ ಬಿಳಿಚಿಕೊಂಡಿತ್ತು. “ಡೇರೆ ಡಾಕ್ಟ್ರು ಪೊರೆ ತೆಗೆದ್ರು. ದೇವ್ರು ಕಣ್ಣು ಕೊಟ್ಟ. ಇಲ್ಲಿ ಗೊತ್ತಾದ್ರೆ ರೊಟ್ಟಿ ಕಿತ್ಕೋತಾರೆ.”

“ನಮ್ಮ ಮುಖಾನೂ ಕಾಣ್ಸುತ್ತಲ್ಲ! ನಾಚಿಕೆ ಆಗಲ್ವಾ ನಿಮಗೆ?”

“ಹಲಗೆ ಬಿಟ್ಟು ಬೇರೆ ಕಡೆ ನೋಡಿಲ್ಲ, ಅಲ್ಲಾನ ಆಣೆ.”

ನನಗೆ ಮೈಯೆಲ್ಲ ಉರಿದುಹೋಯಿತು. ದೂರು ಹೇಳಲು ಮುಖ್ಯೋಪಾಧ್ಯಾಯಿನಿಯ ಕೋಣೆಯ ಬಾಗಿಲವರೆಗೂ ಹೋದೆ. ಶೇಖ್ ಮನೆಯ ಹೆಣ್ಣುಮಕ್ಕಳು ನೆನಪಾಗಿ ಹಿಂದಿರುಗಿದೆ. ಅಲ್ಲಿಂದ ಮುಂದೆ ನನ್ನದು ಪೊಲೀಸಿನವನ ಕೆಲಸವಾಯಿತು. ಮುಸುಕು ಹಾಕಿಕೊಂಡರೆ ಗುಟ್ಟು ರಟ್ಟಾಗುತ್ತದೆಂದು ಬರಿಮುಖದಲ್ಲೇ ಕೂತು ಅವರ ಕಣ್ಣು ಕಾಯುತ್ತಿದ್ದೆ. ಪಾಠದುದ್ದಕ್ಕೂ ರೆಪ್ಪೆ ಮುಚ್ಚಿರುತ್ತಿದ್ದರು. ಸೀಮೆಸುಣ್ಣದ ಸದ್ದು ಕೇಳಿದಾಗ ಮಾತ್ರ ತೆರೆದು, ಹಲಗೆಯನ್ನು ನೋಡಿ, ಮತ್ತೆ ಮುಚ್ಚುತ್ತಿದ್ದರು. ಸುಳ್ಳು ಹೇಳಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ಮದಾಮ್ ಲಬೀಬಾ ಬೈರೂತಿನವರು, ಫ್ರೆಂಚ್ ಸನ್ಯಾಸಿನಿಯರ ಬಳಿ ಕಲಿತವರು. ಶಿಸ್ತೆಂದರೆ ಶಿಸ್ತು. ಅರಬ್ಬಿಯನ್ನು ನಿರರ್ಗಳವಾಗಿ ಆಡುತ್ತಿದ್ದರು, ಬರೆಯುವಾಗ ಮಾತ್ರ ಎಡವುತ್ತಿದ್ದರು. ಅವರ ತಪ್ಪು ತೋರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ದಿನ ಡೇರೆ ಆಸ್ಪತ್ರೆಯ ಕಾಂಪೌಂಡರನ ಹೆಂಡತಿ ಮಗಳನ್ನು ಸೇರಿಸಲು ಬಂದವಳು ಅವರ ಮುಂದೆಯೇ, “ನಿಮ್ಮ ಶೇಖ್‌ಗೆ ಕಣ್ಣು ಬರಿಸಿದ್ದು ನಮ್ಮ ಡಾಕ್ಟ್ರೇ ಅಲ್ವಾ,” ಎಂದುಬಿಟ್ಟಳು.

ಮದಾಮ್ ನೆಟ್ಟಗೆ ನಮ್ಮ ತರಗತಿಗೆ ಬಂದರು, ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನೆಲ್ಲ ಸುಮ್ಮನಿರಿಸಿದರು. ಒಂದು ಸ್ಟೂಲನ್ನು ಎತ್ತಿ ಶೇಖ್ ದಾರಿಗೆ ಅಡ್ಡ ಇಟ್ಟರು.

“ಶೇಖ್ ಬಸ್ಯೂನಿ, ಸ್ವಲ್ಪ ಇಲ್ಲಿ ಬನ್ನಿ.”

ಹುಡುಗಿಯರಿಗೆ ಏನೂ ಗೊತ್ತಿಲ್ಲ. ಗುರುಗಳು ಬೀಳುತ್ತಾರಲ್ಲ ಎಂದೇ ಅವರ ಗಾಬರಿ. ಶೇಖ್ ಎದ್ದರು. ಕಣ್ಣು ತೆರೆದಿತ್ತು, ಸ್ಟೂಲು ಎದುರಿಗೇ ಇತ್ತು. ಹೆಜ್ಜೆ ತಡೆಯಲಿಲ್ಲ, ಕೈ ಮುಂದೆ ಮಾಡಲಿಲ್ಲ. ಮೊಳಕಾಲು ಬಡಿದು ಮಕಾಡೆ ಬಿದ್ದರು.

“ಅಯ್ಯೋ ಗುರುಗಳೇ!” ಎಂದು ಚೀರಿದವಳು ವಸೀಲಾ, ಅವರ ಅಚ್ಚುಮೆಚ್ಚಿನ ಶಿಷ್ಯೆ.

ನಾನು ಓಡಿಹೋಗಿ ಎಬ್ಬಿಸಿ ಅವರ ಜಾಗದಲ್ಲಿ ಕೂರಿಸಿದೆ. ಮೊಳಕಾಲಿಂದ ರಕ್ತ ಸೋರುತ್ತಿತ್ತು. ಮದಾಮ್ ಮುಖ ಕೆಂಪಾಯಿತು. “ಕ್ಷಮಿಸಿ, ಯಾರೋ ಇಲ್ಲಸಲ್ಲದ್ದು ಹೇಳಿದ್ರು. ನಾಳೆ ವಿಶ್ರಾಂತಿ ತಗೊಳ್ಳಿ,” ಎಂದರು. ನಾನು ಅಂತೂ ಗಂಡಾಂತರ ಕಳೆಯಿತೆಂದು ಕೂತೆ.

ಮದಾಮ್ ಹೋಗುವ ಮುನ್ನ ಹಲಗೆಯ ಹತ್ತಿರ ನಿಂತು, ನಾಳೆ ಓದಿನ ತರಗತಿ ಇಲ್ಲ ಎಂದು ಬಾಯಿಬಿಟ್ಟು ಹೇಳದೆ ಬರೆದರು. ಓದಿಗೆ ಅರಬ್ಬಿಯಲ್ಲಿ ಕಿರಾಅ ಎನ್ನುತ್ತಾರೆ. ಅದರ ಹಮ್ಜಾವನ್ನು ಅಲಿಫ್ ತಲೆಯ ಮೇಲೆ ಏರಿಸಿದರು.

“ಇಳಿಸಿ ಅದನ್ನ!” ಗುಡುಗಿದರು ಶೇಖ್. “ಹಮ್ಜಾಕ್ಕೆ ಅಲ್ಲಿ ಕುರ್ಚಿಯಿಲ್ಲ! ಒಂಟಿಯಾಗಿ ನಿಲ್ಬೇಕು!”

ಮದಾಮ್ ಕೈಯ ಸೀಮೆಸುಣ್ಣ ಅಲ್ಲೇ ನಿಂತಿತು. ಯಾರೂ ಹಲಗೆಯನ್ನು ಓದಿ ಹೇಳಿರಲಿಲ್ಲ. ಅಷ್ಟರಲ್ಲಿ ಹೆಗಲ ಮೇಲಿದ್ದ ಮುಸುಕುಗಳೆಲ್ಲ ಸರಸರನೆ ಮುಖಕ್ಕೆ ಏರಿದವು. ನನ್ನ ಕೈಯೂ ತಾನಾಗಿ ಮುಸುಕೆಳೆದುಕೊಂಡಿತು.

“ನಮ್ಮ ಹುಡುಗಿಯರ ಮುಖ ನೋಡಿದ್ದೀರಿ ನೀವು,” ಎಂದರು ಮದಾಮ್.

“ಅಕ್ಷರ ನೋಡಿದ್ದೀನಿ, ಮದಾಮ್. ಎಷ್ಟೋ ವರ್ಷದಿಂದ ಅಕ್ಷರಾನೇ ಕಂಡಿರ್ಲಿಲ್ಲ ನಾನು.”

“ಎದ್ದು ಹೋಗಿ.”

ಅವರು ಎದ್ದರು. ಮೊದಲ ಬಾರಿಗೆ ತಲೆಯೆತ್ತಿ ತರಗತಿಯನ್ನು ನೋಡಿದರು. ಎದುರಿಗೆ ಸಾಲುಸಾಲು ಮುಸುಕು. “ನಿಮ್ಮಲ್ಲಿ ವಸೀಲಾ ಯಾರಮ್ಮ?” ಎಂದು ಕೇಳಿದರು.

ಎರಡು ವರ್ಷ ಪಾಠ ಹೇಳಿದ ಮನುಷ್ಯ, ಮುಂದಿನ ಸಾಲಿನ ತುದಿಯಲ್ಲೇ ಕೂತಿದ್ದ ಶಿಷ್ಯೆಯನ್ನು ಹುಡುಕುತ್ತಿದ್ದರು. ಆಮೇಲೆ ಮುಸುಕಿನೊಳಗಿಂದ ಯಾರೋ ಬಿಕ್ಕಿದ್ದು ಕೇಳಿಸಿತು. ಶೇಖ್ ತಟ್ಟನೆ ಕಣ್ಣು ಮುಚ್ಚಿಕೊಂಡರು. ಆಗಲೇ ಅವರಿಗೆ ಗುರುತು ಸಿಕ್ಕಿದ್ದು.

“ಅಳ್ಬೇಡ ವಸೀಲಾ. ಎದ್ದು ಅದನ್ನ ತಿದ್ದು, ಮಗಳೇ.”

ಅವಳು ಮದಾಮ್ ಕಡೆ ನೋಡಲಿಲ್ಲ. ಎದ್ದು ಬಂದು, ಮುಸುಕು ತೆಗೆದು, ಹಲಗೆ ಒರೆಸಿದಳು. ಅವಳು ಬರೆದು ಮುಗಿಸಿ ವಾಪಸು ಹೋಗಿ ಕೂರುವವರೆಗೂ ಶೇಖ್ ಕಣ್ಣು ತೆರೆಯಲಿಲ್ಲ.