ಒಂದು ಒತ್ತಕ್ಷರದ ನೋಂದಣಿ

ನನ್ನ ಮಧ್ಯಾಹ್ನದ ಬುತ್ತಿಯಲ್ಲಿ ಏನಿರಲಿ ಬಿಡಲಿ, ಮೂಲೆಯಲ್ಲೊಂದು ಚಮಚ ಶೇಂಗಾ ಚಟ್ನಿಪುಡಿ ಇರಲೇಬೇಕು. ಅದಿಲ್ಲದ ದಿನ ನನ್ನ ಹತ್ತಿರ ತೆರಿಗೆಯ ಕಾಗದ ತುಂಬಿಸಲು ಬಂದವರು ಒಂದಕ್ಕೆರಡು ಬೈಸಿಕೊಂಡು ಹೋಗುತ್ತಾರೆಂದು ಶಿಕಾರಿಪುರದಲ್ಲಿ ನನಗೊಂದು ಅಪಖ್ಯಾತಿಯಿದೆ. ಹೌದು, ಬೈಯುತ್ತೇನೆ. ಒಂದೇ ಕೋಣೆಯ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತು, ಮೊದಲು ವ್ಯಾಟ್ ಎಂದೂ ಆಮೇಲೆ ಜಿಎಸ್‌ಟಿ ಎಂದೂ ಹೆಸರು ಬದಲಿಸಿಕೊಂಡ ಒಂದೇ ತಲೆನೋವನ್ನು ಊರಿನ ಸಣ್ಣ ವ್ಯಾಪಾರಿಗಳಿಗೆ ಬಿಡಿಸಿ ಹೇಳುತ್ತ ಬಂದವಳ ನಾಲಗೆ ಕೊಂಚ ಖಾರವಾದರೆ ತಪ್ಪೇನು ಹೇಳಿ? ಆ ಪುಡಿ ಮಾಡುವವಳು ಗೌರವ್ವ. ಶಾಲೆಯಲ್ಲಿ ನನಗಿಂತ ಎರಡು ತರಗತಿ ಹಿಂದಿದ್ದವಳು, ಈಸೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ ಸೊರಬಕ್ಕೆ ಸೊಸೆಯಾಗಿ ಹೋದವಳು.

ಹೋದ ಮಳೆಗಾಲದ ಕೊನೆಗೆ ಅವಳು ಏದುಸಿರು ಬಿಡುತ್ತ ನನ್ನ ಕಚೇರಿಗೆ ಬಂದಳು. ಶಿವಮೊಗ್ಗದಲ್ಲಿ ನಾಲ್ಕಾರು ಅಂಗಡಿಗಳಿರುವ ವ್ಯಾಪಾರಿಯೊಬ್ಬರು ತಿಂಗಳು ತಿಂಗಳೂ ಅವಳ ಪುಡಿ ಕೊಳ್ಳಲು ಒಪ್ಪಿದ್ದರು. ಆದರೆ ಜಿಎಸ್‌ಟಿ ನಂಬರು ಬೇಕು, ಅದೂ ದೀಪಾವಳಿಯೊಳಗೆ, ತಪ್ಪಿದರೆ ಬೇರೆಯವರಿದ್ದಾರೆ ಎಂದಿದ್ದರಂತೆ. ಸರಕು ಮಾರುವವರಿಗೆ ವರ್ಷದ ವಹಿವಾಟು ನಲವತ್ತು ಲಕ್ಷ ದಾಟುವವರೆಗೆ ನೋಂದಣಿಯ ಕಡ್ಡಾಯವಿಲ್ಲ, ನಿನ್ನದು ಅದರ ಕಾಲುಭಾಗವೂ ಇಲ್ಲ ಎಂದೆ. ಕಾಯಿದೆ ಬೇಡವೆಂದರೂ ಕೊಳ್ಳುವವನು ಬೇಕೆನ್ನುತ್ತಾನಲ್ಲ, ಹಾಗಾಗಿ ತಾವಾಗಿಯೇ ನೋಂದಾಯಿಸಿಕೊಳ್ಳುವ ದಾರಿಯೂ ಇದೆ ಎಂದು ದರಗಳ ಪಟ್ಟಿ ತೆಗೆದು ಓದಿದೆ. ಅದನ್ನು ಕೇಳಿ ಅವಳು ಎರಡೂ ಅಂಗೈಗಳನ್ನು ನನ್ನ ಮೇಜಿನ ಮೇಲೆ ಚಾಚಿದಳು.

“ಹಪ್ಪಳಕ್ಕ ತೆರಿಗಿ ಇಲ್ಲ, ಪುಡಿಗೆ ನೂರಕ್ಕ ಐದು. ಇದೆಂಥಾ ನ್ಯಾಯ ಅಕ್ಕಾ? ಎರಡೂ ಇದ ಕೈಲೆ ಮಾಡಿದ್ದಲ್ಲೇನು?”

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ತಾಲೂಕಿನ ಬಂದಳಿಕೆಯ ಹಳೆಯ ಶಾಸನಗಳಲ್ಲೂ ಸುಂಕದ ಮಾತಿದೆಯಂತೆ; ಯಾವುದಕ್ಕೆ ಎಷ್ಟು, ಯಾರಿಗೆ ಮಾಫಿ ಎಂಬ ಗೊಣಗಾಟ ಕಲ್ಲಿನಷ್ಟೇ ಹಳೆಯದಿರಬೇಕು. ಆದರೆ ವ್ಯಾಟಿನ ಕನ್ನಡ ಹೆಸರಿನಲ್ಲಿದ್ದ ಮೌಲ್ಯವರ್ಧಿತ ಎಂಬ ಮಾತಿನ ಬಗ್ಗೆ ನನಗೊಂದು ಒಳಗೊಳಗಿನ ಪ್ರೀತಿಯಿದೆ. ಶೇಂಗಾಕ್ಕೊಂದು ಬೆಲೆ, ಒಣಮೆಣಸಿನಕಾಯಿಗೊಂದು, ಬೆಳ್ಳುಳ್ಳಿಗೊಂದು. ಇವನ್ನೆಲ್ಲ ಕೂಡಿದ ಮೇಲೂ ಪೊಟ್ಟಣದ ಬೆಲೆ ಒಂದಿಷ್ಟು ಎತ್ತರದಲ್ಲಿ ನಿಂತಿರುತ್ತದಲ್ಲ, ಆ ಎತ್ತರವೇ ವರ್ಧಿಸಿದ ಮೌಲ್ಯ. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದು ಉಳಿದದ್ದನ್ನಷ್ಟೇ ಕಟ್ಟುವುದೆಂದರೆ, ಸರ್ಕಾರ ಕೈಯೊಡ್ಡುವುದು ಅವಳ ರಟ್ಟೆ ಮತ್ತು ಅವಳ ತಾಯಿ ಕಲಿಸಿದ ಹದ ಸೇರಿಸಿದ ಪಾಲಿಗೆ. ಅಷ್ಟು ವಿವರಿಸಿ ಅವಳ ದಾಖಲೆಗಳನ್ನು ಕೇಳಿದೆ.

ನೋಡಿ, ಕಗ್ಗಂಟು ಬಿದ್ದದ್ದು ಅಲ್ಲಿಯೇ. ಮದುವೆಗೆ ಮೊದಲು ಗುಮಾಸ್ತೆಯಾಗಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಅವಳು ಗೌರವ್ವ. ಸೊರಬದಲ್ಲಿ ಮಾಡಿಸಿದ ಆಧಾರಿನಲ್ಲಿ ಗೌರಮ್ಮ. ಎರಡೂ ಹೊಂದದೆ ಅರ್ಜಿ ಒಂದಂಗುಲ ಮುಂದೆ ಹೋಗದು. ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ, ಅಷ್ಟರೊಳಗೆ ನಮ್ಮ ಕಡೆಯ ಅವ್ವ ಅವರ ಕಡೆ ಅಮ್ಮನಾಗುತ್ತಾಳೆ. ಆಧಾರ್ ಮಾಡುವವನಿಗೆ ಹೆಸರು ಹೇಳಿದ್ದು ಅವಳ ಅತ್ತೆ. ನಮ್ಮಲ್ಲಿ ಅವ್ವ ಗಿವ್ವ ಎಲ್ಲ ನಡೆಯುವುದಿಲ್ಲ ಎಂದು ಮದುವೆಯ ಮಾರನೆಯ ದಿನವೇ ಅವರು ಹೆಸರಿನ ಬಾಲ ಕತ್ತರಿಸಿ ಹೊಸದನ್ನು ಅಂಟಿಸಿದ್ದರು. ನೀನೇಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದು ಗದರಿದೆ. “ಹೊಸಾ ಸೊಸಿ ಅಕ್ಕಾ. ಅತ್ತಿ ಹೇಳಿದ ಮ್ಯಾಲ ನಾ ಏನ್ ಮಾತಾಡ್ಲಿ?” ಎಂದಳು.

ನಾನು ಜಾಣೆ ಎಂಬ ಹಮ್ಮು ನನಗೆ. ಪ್ಯಾನನ್ನೇ ಗೌರಮ್ಮ ಎಂದು ತಿದ್ದಿಸೋಣ, ಅದು ಬೇಗ ಆಗುವ ಕೆಲಸ. ಅರ್ಜಿಯಲ್ಲಿ ವ್ಯಾಪಾರದ ಹೆಸರಿಗೆಂದು ಬೇರೆಯದೇ ಸ್ಥಳವಿದೆ, ಅಲ್ಲಿ ಗೌರವ್ವನ ಚಟ್ನಿಪುಡಿ ಎಂದು ಬರೆದರಾಯಿತು, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದೆ. ಅವಳ ಮುಖ ಕೆಂಪಾಯಿತು.

“ಚೀಟಿ ಮ್ಯಾಲ ಗೌರವ್ವ, ಮನಿಯಾಗ ಗೌರಮ್ಮ. ಅಂದ್ರ ಮಾರಾಕಷ್ಟ ನಾನು ನಾನೇನು ಅಕ್ಕಾ?”

ನಾನು ಅರ್ಜಿಯನ್ನು ಪಕ್ಕಕ್ಕಿಟ್ಟು ಅವಳ ಎರಡೂ ಕಾರ್ಡುಗಳ ನಕಲನ್ನು ಮುಂದೆಳೆದುಕೊಂಡೆ. ಅವಳು ಹೋದ ಮೇಲೂ ಆ ಎರಡು ಅಕ್ಷರಗಳನ್ನೇ ನೋಡುತ್ತ ಕೂತೆ. ಗೌರವ್ವ ಎಂಬುದರ ಕೊನೆಯ ಒತ್ತನ್ನು ತೆಗೆದರೆ ಉಳಿಯುವುದು ಗೌರವ; ಗೌರಮ್ಮನಲ್ಲಿ ಏನು ತೆಗೆದರೂ ಅದು ಸಿಗುವುದಿಲ್ಲ. ಹಿಂದೆ ಹೆಣ್ಣು ತರುವ ಮನೆಯವರು ಹೆತ್ತವರಿಗೆ ಕೊಡುತ್ತಿದ್ದುದಕ್ಕೆ ತೆರ ಎಂಬ ಹೆಸರಿತ್ತು. ತೆರುವುದು, ತೆರ, ತೆರಿಗೆ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಕಾಲ ಕಳೆದು ತೆರ ಹೋಗಿ ವರದಕ್ಷಿಣೆ ಬಂತು. ಆದರೆ ಹೆಣ್ಣು ತಾನೇ ತೆತ್ತದ್ದು, ತನ್ನ ಮಾತು, ತನ್ನ ಹೆಸರು, ಇದಕ್ಕೆ ಅಂದೂ ರಸೀದಿ ಇಲ್ಲ, ಇಂದೂ ಇಲ್ಲ. ನನಗೆ ನನ್ನ ಜಾಣತನದ ಮೇಲೆಯೇ ನಾಚಿಕೆಯಾಯಿತು.

ಹಾಗಾಗಿ ಕಷ್ಟದ ದಾರಿಯನ್ನೇ ಹಿಡಿದೆವು. ಶಾಲೆಯ ದಾಖಲೆ ಕೊಟ್ಟು ಆಧಾರನ್ನೇ ಗೌರವ್ವ ಎಂದು ತಿದ್ದಿಸುವುದು, ಆಮೇಲೆ ಅರ್ಜಿ. ಮೊದಲ ಸಲ ದಾಖಲೆ ಸ್ಪಷ್ಟವಿಲ್ಲವೆಂದು ತಿದ್ದುಪಡಿ ವಾಪಸು ಬಂತು. ಅಷ್ಟರಲ್ಲಿ ದಿನಗಳು ಜಾರಿದವು, ಶಿವಮೊಗ್ಗದ ಫೋನು ಮೇಲಿಂದ ಮೇಲೆ ಬರತೊಡಗಿತು. ಮನೆಯಲ್ಲಿ ಅತ್ತೆ, ಇಷ್ಟು ವರ್ಷ ಉಂಡ ಮನೆಯ ಹೆಸರು ಈಗ ಬೇಡವಾಯಿತೇ ಎಂದು ಕೇಳಿ ಸೊಸೆಯೊಡನೆ ಮಾತು ಬಿಟ್ಟರು. ಗಂಡನೋ, ಇಬ್ಬರಿಗೂ ತಲೆಯಾಡಿಸುವ ಸಾಧುಪ್ರಾಣಿ. ಮನೆ ಅವನ ಹೆಸರಿನಲ್ಲಿದ್ದುದರಿಂದ ಅಲ್ಲಿ ವ್ಯಾಪಾರ ನಡೆಸುವ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದೊಂದೇ ಅವನ ಸಾಹಸ. ಕೊನೆಗೂ ಆಧಾರ್ ಸರಿಯಾಗಿ ಅರ್ಜಿ ಹೋಯಿತು. ಹೋದ ಬೆನ್ನಿಗೇ ಸ್ಥಳ ಪರಿಶೀಲನೆಗೆ ಬರುತ್ತೇವೆಂದು ತೆರಿಗೆ ಇಲಾಖೆಯ ಸಂದೇಶ ಬಂತು. ದೀಪಾವಳಿಗೆ ನಾಲ್ಕೇ ದಿನ. ಬಂದವರು ಒಮ್ಮೆ ಅಂಥವಳು ಇಲ್ಲಿಲ್ಲವೆಂದು ಬರೆದುಕೊಂಡು ಹೋದರೆ ಅರ್ಜಿ ತಿರಸ್ಕಾರ, ಮತ್ತೆ ಮೊದಲಿನಿಂದ ಶುರು, ಅಷ್ಟರಲ್ಲಿ ಶಿವಮೊಗ್ಗದ ವ್ಯಾಪಾರಿ ಕೈಬಿಟ್ಟಿರುತ್ತಾರೆ.

ಮಧ್ಯಾಹ್ನ ಬರುತ್ತೇವೆಂದಿದ್ದರು. ನಾನು ಬೆಳಗಿನ ಬಸ್ಸು ಹಿಡಿದು ಸೊರಬಕ್ಕೆ ಹೋಗಿ ಅವಳ ಕೇರಿಗೆ ತಿರುಗುವಾಗ ಗಂಟೆ ಹತ್ತೂ ಆಗಿರಲಿಲ್ಲ, ಆಗಲೇ ಕಡತ ಹಿಡಿದ ನೌಕರನೊಬ್ಬ ಬೈಕು ನಿಲ್ಲಿಸಿಕೊಂಡು ಮೂಲೆಯ ಅಂಗಡಿಯವನನ್ನು ವಿಚಾರಿಸುತ್ತಿದ್ದ. “ಗೌರವ್ವನಾ? ಆ ಹೆಸರಿನೋರು ಈ ಕೇರೀಲಿ ಯಾರೂ ಇಲ್ಲ ಮಾರಾಯ್ರೆ” ಎಂಬ ಉತ್ತರ ಕಿವಿಗೆ ಬಿತ್ತು. ಓಡಿಹೋಗಿ ಮನೆ ತೋರಿಸಿದೆ. ಗೌರವ್ವ ಮೆಣಸಿನಕಾಯಿ ಹೊತ್ತು ಗಿರಣಿಗೆ ಹೋಗಿದ್ದಳು, ಗಂಡ ಕೆಲಸಕ್ಕೆ. ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದವರು ಅತ್ತೆಯೊಬ್ಬರೇ. ನಾನು ಹೇಳಹೊರಟದ್ದನ್ನು ಆತ ಕೈಯೆತ್ತಿ ತಡೆದ.

“ಅರ್ಜಿ ತುಂಬಿದೋರು ಹೇಳಿದ್ರೆ ಆಗಲ್ಲ ಮೇಡಂ, ಮನೆಯೋರು ಹೇಳ್ಬೇಕು. ಅಜ್ಜೀ, ಇಲ್ಲಿ ಗೌರವ್ವ ಅನ್ನೋರು ಇದಾರಾ?”

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. ಆತ ಇನ್ನೊಮ್ಮೆ ಕೇಳಿದ. ಅವರು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. ಹಾಳಾದ್ದು, ಆ ಗಳಿಗೆಯಲ್ಲಿ ನನಗೆ ಅವರ ಕಾಲು ಹಿಡಿಯಬೇಕೆನಿಸಿತ್ತು, ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತ್ತು.

“ಹಾಗಾದ್ರೆ ಈ ಹೆಸರಿನವರು ಈ ಮನೇಲಿ ಇಲ್ಲ ಅಂತ ಬರ್ಕೊಳ್ತೀನಿ” ಎಂದು ಆತ ಪೆನ್ನು ತೆಗೆದ.

“ಎಂತ ಬರೀತೀರಿ?” ಅತ್ತೆ ಮೊರ ಕೆಳಗಿಟ್ಟು ಎದ್ದರು. “ನನ್ನ ಮನೆ ಸೊಸೆ ಇಲ್ಲ ಅಂತ ಬರೆಯೋದಾ? ಕೇರಿಯೋರಿಗೆ ಗೊತ್ತಿಲ್ಲ, ಯಾಕಂದ್ರೆ ನಾನೇ ಆ ಹೆಸರು ಯಾರಿಗೂ ಹೇಳಿಲ್ಲ. ಇದಾಳೆ ಅಂತ ಬರೀರಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದವರೇ ಗಿರಣಿಯ ದಿಕ್ಕಿಗೆ ಮುಖ ಮಾಡಿ, ಇಡೀ ಕೇರಿಗೆ ಕೇಳುವಂತೆ, “ಗೌರವ್ವಾ! ಏ ಗೌರವ್ವಾ!” ಎಂದು ಕೂಗಿದರು. ಕೇರಿಯ ಆ ತುದಿಯಲ್ಲಿ, ಖಾರದ ಡಬ್ಬಿ ಸೊಂಟಕ್ಕಿಟ್ಟು ಬರುತ್ತಿದ್ದವಳು ಗಕ್ಕನೆ ನಿಂತಳು. ನಿಂತವಳು ನಮ್ಮತ್ತ ನೋಡಲಿಲ್ಲ. ತವರಿನವರು ಯಾರೋ ಬಂದರೆಂದುಕೊಂಡು, ಹಿಂದೆ ತಿರುಗಿ ಶಿಕಾರಿಪುರದ ಬಸ್ಸು ಬರುವ ರಸ್ತೆಯನ್ನು ನೋಡುತ್ತಿದ್ದಳು.

“ಅಲ್ಲೆಂತ ನೋಡ್ತೀಯೆ,” ಎಂದರು ಅತ್ತೆ, ದನಿ ಒಡೆದು. “ಕರ್ದಿದ್ದು ನಾನು.”